ವಿಷದ ಕಾಳಿನಿಂದ ರೆಪ್ಪೆಗೂದಲಿನವರೆಗೆ: ಕಣ್ಣಿನ ಹನಿಮದ್ದಿನ ಚರಿತ್ರೆ



ಚರಿತ್ರೆ ಎಂದೊಡನೆ ರಾಜರು, ಯುದ್ಧಗಳು, ಕೋಟೆಕೊತ್ತಲಗಳು ನಮ್ಮ ನೆನಪಿಗೆ ಬರುತ್ತವೆ. ಇಂದು ನಾನು ತಮ್ಮ ಮುಂದಿಡಲು ಹೊರಟಿರುವುದು ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಯ ಚರಿತ್ರೆ. ಅನೇಕರ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಿನಲ್ಲಿ ಮೊಟ್ಟೆಗಳ ಪಕ್ಕ ನಿಂತಿರುತ್ತದೆ. ಅದರೊಳಗಿನ ಔಷಧ ಎರಡೂವರೆ ಅಥವಾ ಮೂರು ಮಿಲಿಲೀಟರ್. ಒಂದು ಟೀ ಚಮಚವೂ ತುಂಬದು. ಆದರೆ ಅದು ಆ ಬಾಟಲಿಗೆ ಬಂದು ಸೇರಲು ನೂರಾರು ವರ್ಷ ಹಿಡಿದಿದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ಮನೆಯ ಒಂದು ಪೇಚಾಟದಿಂದ. ನನ್ನ ಅಮ್ಮ, ಅಂದರೆ ನಮ್ಮ ಮನೆಯ ಮಕ್ಕಳೆಲ್ಲರ ದಾದಿ, ಹಲವು ವರ್ಷಗಳಿಂದ ಗ್ಲಾಕೋಮಾಕ್ಕಾಗಿ ಪ್ರತಿ ರಾತ್ರಿ ಎರಡು ಕಣ್ಣಿಗೂ ಒಂದೊಂದು ಹನಿ ಹಾಕಿಕೊಳ್ಳುತ್ತಿದ್ದರು. ಒಂದು ಬಾಟಲಿ ತಿಂಗಳು ಪೂರ್ತಿ ಬರುತ್ತಿತ್ತು. ಅಣ್ಣನ ಮಗಳ ನಿಕಾಹ್ ನಿಶ್ಚಯವಾದ ಮೇಲೆ ಬಾಟಲಿ ಹದಿನೈದು ದಿನಕ್ಕೇ ಬರಿದಾಗತೊಡಗಿತು. ಅಮ್ಮನ ಕೈ ನಡುಗಿ ಹನಿ ಚೆಲ್ಲುತ್ತಿರಬೇಕೆಂದು ನಾವೆಲ್ಲ ತಿಳಿದೆವು. ಮದುವೆಯ ಖರ್ಚಿನ ನಡುವೆ ಇದೊಂದು ಹೊರೆ ಬೇಡವೆಂದು ಅಮ್ಮ ಯಾರಿಗೂ ಹೇಳದೆ ದಿನ ಬಿಟ್ಟು ದಿನ ಹಾಕಿಕೊಳ್ಳಲು ಆರಂಭಿಸಿದರು. ಮುಂದಿನ ತಪಾಸಣೆಯಲ್ಲಿ ಕಣ್ಣಿನ ಒತ್ತಡ ಏರಿತ್ತು. ಅದೇ ವಾರ ಮದುಮಗಳ ಕಣ್ಣು ಕೆಂಡದಂತೆ ಕೆಂಪಾಗಿ ಊದಿಕೊಂಡಿತು. ವಿಚಾರಿಸಿದಾಗ ವಿಷಯ ಹೊರಬಿತ್ತು. ದಾದಿಯ ಹನಿಮದ್ದು ಹಚ್ಚಿದರೆ ರೆಪ್ಪೆಗೂದಲು ಉದ್ದವಾಗಿ ದಟ್ಟವಾಗಿ ಬೆಳೆಯುತ್ತದೆಂದು ಗೆಳತಿಯೊಬ್ಬಳು ಹೇಳಿದ್ದಳಂತೆ. ಹುಡುಗಿ ಹಳೆಯ ಸುರ್ಮಾ ಸಲಾಯಿಗೆ ಔಷಧ ತೊಟ್ಟಿಕ್ಕಿಸಿ ದಿನಾಲೂ ಎರಡು ಹೊತ್ತು ಹಚ್ಚಿಕೊಳ್ಳುತ್ತಿದ್ದಳು.

ನಾವು ಆಕೆಯನ್ನು ಬೈದೆವು. ಆದರೆ ವೈದ್ಯರು ನಕ್ಕು, "ಹುಡುಗಿ ಕೇಳಿದ ಮಾತು ಸುಳ್ಳಲ್ಲ, ಔಷಧ ಒಂದೇ. ಉಳಿದದ್ದೆಲ್ಲ ತಪ್ಪು" ಎಂದರು. ಆ ಮಾತು ನನ್ನನ್ನು ಹಲವು ದಿನ ಕಾಡಿತು. ದೃಷ್ಟಿ ಉಳಿಸುವ ಔಷಧವೂ ರೆಪ್ಪೆಗೂದಲು ಬೆಳೆಸುವ ಔಷಧವೂ ಒಂದೇ ಆಗುವುದು ಹೇಗೆ? ಒಂದೇ ಆದರೆ ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ತೊಂದರೆಯಾದದ್ದು ಏಕೆ? ಬನ್ನಿ, ಈ ಪ್ರಶ್ನೆಯ ಜಾಡು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಲು ರೋಗದ ಪರಿಚಯ ಮಾಡಿಕೊಳ್ಳಬೇಕು. ನಮ್ಮ ಕಣ್ಣಿನೊಳಗೆ ಹಗಲೂ ರಾತ್ರಿಯೂ ತಿಳಿಯಾದ ಒಂದು ದ್ರವ ಊರುತ್ತಿರುತ್ತದೆ. ಇದು ಕಣ್ಣೀರಲ್ಲ, ಕಣ್ಣುಗುಡ್ಡೆಯ ಒಳಗಿನ ನೀರು. ಊರಿದಷ್ಟೇ ನೀರು ಜರಡಿಯಂತಹ ಸೂಕ್ಷ್ಮ ದಾರಿಗಳ ಮೂಲಕ ಹೊರಗೆ ಹರಿದುಹೋಗಬೇಕು. ಆ ದಾರಿ ಕಟ್ಟಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಹೆಚ್ಚಿದಾಗ ಕಣ್ಣಿನ ಹಿಂಬದಿಯ ದೃಷ್ಟಿನರ ಎಳೆ ಎಳೆಯಾಗಿ ಸಾಯುತ್ತದೆ. ಒತ್ತಡ ಈ ಮಿತಿಯೊಳಗಿದ್ದೂ ನರ ಸಾಯುವವರಿದ್ದಾರೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ರೋಗದ ಸಾಮಾನ್ಯ ರೂಪದಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನೇರ ನೋಟ ಕೊನೆಯವರೆಗೂ ಉಳಿಯುತ್ತದೆ. ಆದ್ದರಿಂದ ರೋಗಿಗೆ ತನ್ನ ನಷ್ಟ ಗೊತ್ತಾಗುವುದೇ ಇಲ್ಲ. ನಮ್ಮ ದೇಶದಲ್ಲಿ 40 ವರ್ಷ ದಾಟಿದವರಲ್ಲಿ ಸುಮಾರು 1 ಕೋಟಿ 12 ಲಕ್ಷ ಜನರಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳಿತು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಪತ್ತೆಯಾದ ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ಅಲ್ಲಿಯತನಕ ತಮಗೆ ಆ ರೋಗವಿದೆಯೆಂಬುದೇ ತಿಳಿದಿರಲಿಲ್ಲ.

ಗ್ಲಾಕೋಮಾ ಎಂಬ ಹೆಸರು ಗ್ರೀಕರದು. ನೀಲಿ, ಹಸಿರು, ಬೂದು ಬಣ್ಣಗಳು ಬೆರೆತ ಒಂದು ಛಾಯೆಗೆ ಅವರು 'ಗ್ಲಾಕೋಸ್' ಎನ್ನುತ್ತಿದ್ದರು. ಮುಪ್ಪಿನಲ್ಲಿ ಕಣ್ಣಿನ ಪಾಪೆ ಆ ಬಣ್ಣಕ್ಕೆ ತಿರುಗಿ ದೃಷ್ಟಿ ಹೋಗುವುದನ್ನು ಕಂಡು ಹಾಗೆ ಕರೆದರು. ಅದರಲ್ಲಿ ನಾವು ಇಂದು ಕಣ್ಣಿನ ಪೊರೆ ಎನ್ನುವ ರೋಗವೂ ಕಲಸಿಹೋಗಿತ್ತು. ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮವರು ಅಲ್ಲಿಯ ಆಸ್ಪತ್ರೆಗಳಲ್ಲಿ ಈ ರೋಗಕ್ಕೆ 'ನೀಲಿ ನೀರು' ಎಂಬ ಅರ್ಥದ ಅರಬ್ಬಿ ಹೆಸರನ್ನು ಕೇಳಿರಬಹುದು. ಗ್ರೀಕರ ಆ ಬಣ್ಣದ ನೆನಪು ಅರಬ್ಬಿಯಲ್ಲಿ ಇಂದಿಗೂ ಉಳಿದಿದೆ. ನಮ್ಮ ಉರ್ದು ಮನೆಗಳಲ್ಲಿ ಮಾತ್ರ ಅದು 'ಕಾಲಾ ಮೋತಿಯಾ'.

ಅರಬ್ಬಿಗೆ ಗ್ರೀಕ್ ವೈದ್ಯಶಾಸ್ತ್ರವನ್ನು ತಂದವರಲ್ಲಿ ಅಗ್ರಗಣ್ಯ ಹುನೈನ್ ಇಬ್ನ್ ಇಸ್‌ಹಾಕ್. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿದ್ದ ಈ ಕ್ರೈಸ್ತ ವಿದ್ವಾಂಸ ಕಣ್ಣಿನ ಬಗ್ಗೆ ಹತ್ತು ಪ್ರಬಂಧಗಳನ್ನು ಬರೆದ. ಅದೇ ನಗರದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಅಲೀ ಇಬ್ನ್ ಈಸಾ ಬರೆದ 'ತದ್ಕಿರತುಲ್ ಕಹ್ಹಾಲೀನ್' ಕಣ್ಣಿನ ವೈದ್ಯರಿಗೆ ಶತಮಾನಗಳ ಕಾಲ ಕೈಪಿಡಿಯಾಗಿತ್ತು. ಅದರ ಮೊದಲ ಭಾಗ ಕಣ್ಣಿನ ರಚನೆಯದು. ಎರಡನೆಯದು ಹೊರಗೆ ಕಾಣುವ ರೋಗಗಳದು. ಮೂರನೆಯದು ಹೊರಗೆ ಕಾಣದ ರೋಗಗಳಿಗೆ ಮೀಸಲು. ಕಾಣದ ರೋಗವೂ ಉಂಟೆಂದು ಒಪ್ಪಿ ಅದಕ್ಕೊಂದು ಭಾಗವನ್ನೇ ಇಟ್ಟದ್ದು ಸಣ್ಣ ಮಾತಲ್ಲ. ಆದರೆ ಕಣ್ಣಿನೊಳಗೆ ಇಣುಕುವ ಉಪಕರಣ ಅವರ ಬಳಿ ಇರಲಿಲ್ಲವಾದ್ದರಿಂದ ಗ್ಲಾಕೋಮಾಕ್ಕೆ ಖಚಿತ ಮದ್ದು ಅವರಿಂದ ದೊರೆಯಲಿಲ್ಲ. ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಭಾಷಣಗಳಲ್ಲಿ ಹೇಳುವ ಅಭ್ಯಾಸ ನಮ್ಮಲ್ಲಿದೆ. ಆ ಹಿರಿಯರೇ ಅದನ್ನು ಮೆಚ್ಚುತ್ತಿರಲಿಲ್ಲವೆಂದು ನನ್ನ ಭಾವನೆ.

ಇಲ್ಲಿ ಒಂದು ಸಣ್ಣ ಸ್ವಾರಸ್ಯವಿದೆ. ಕಣ್ಣಿನ ವೈದ್ಯನಿಗೆ ಅರಬ್ಬಿಯಲ್ಲಿ 'ಕಹ್ಹಾಲ್' ಎಂಬ ಹೆಸರು ಬಂದದ್ದು 'ಕುಹ್ಲ್' ಎಂಬ ಪದದಿಂದ, ಅಂದರೆ ಸುರ್ಮಾದಿಂದ. ಕಣ್ಣಿನ ಚಿಕಿತ್ಸೆಯೂ ಕಣ್ಣಿನ ಅಲಂಕಾರವೂ ಅಂದೇ ಒಂದೇ ಡಬ್ಬಿಯಲ್ಲಿದ್ದವು. ಇಸ್ಮಿದ್ ಸುರ್ಮಾದ ಕುರಿತ ಹದೀಸ್‌ನಲ್ಲಿ ದೃಷ್ಟಿ ಮತ್ತು ರೆಪ್ಪೆಗೂದಲು ಎರಡರ ಪ್ರಸ್ತಾಪವೂ ಇರುವುದನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಆದರೆ ಇಂದು ಅಂಗಡಿಗಳಲ್ಲಿ ಸುರ್ಮಾ ಎಂದು ಮಾರುವ ಪುಡಿಯನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ಅನೇಕ ಬಾರಿ ಕಂಡುಬಂದದ್ದು ಸೀಸದ ಸಂಯುಕ್ತ. ಸೀಸ ಮಕ್ಕಳ ಮಿದುಳಿಗೆ ಹಾನಿಕರ. ಹಸುಗೂಸುಗಳಿಗೆ ಸುರ್ಮಾ ಹಚ್ಚುವ ತಾಯಂದಿರು ಇದನ್ನು ಗಮನಿಸಬೇಕು.

ಮುಂದೆ 1622ರಲ್ಲಿ ರಿಚರ್ಡ್ ಬ್ಯಾನಿಸ್ಟರ್ ಎಂಬ ಇಂಗ್ಲಿಷ್ ವೈದ್ಯ, ಕುರುಡಾದ ಕೆಲವು ಕಣ್ಣುಗಳನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರುತ್ತವೆಂದು ಬರೆದಿಟ್ಟ. ಆ ಸುಳಿವನ್ನು ಎರಡು ಶತಮಾನ ಯಾರೂ ಹೆಚ್ಚು ಲೆಕ್ಕಿಸಲಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ದರ್ಶಕವನ್ನು ಲೋಕಕ್ಕೆ ಪರಿಚಯಿಸಿದ ಮೇಲೆ ದೃಷ್ಟಿನರ ಕುಳಿಬಿದ್ದಿರುವುದು ಕಣ್ಣಾರೆ ಕಂಡಿತು. 1857ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ, ಕಣ್ಣಿನ ಬಣ್ಣದ ಪೊರೆಯ ಒಂದು ಚೂರನ್ನು ಕತ್ತರಿಸಿ ತೆಗೆದರೆ ಹಠಾತ್ತನೆ ಬರುವ ಗ್ಲಾಕೋಮಾ ಶಮನವಾಗುತ್ತದೆಂದು ತೋರಿಸಿದ. ಕತ್ತಿಯ ಮದ್ದು ಸಿಕ್ಕಿತು. ಹನಿಯ ಮದ್ದು ಬಂದದ್ದು ಯಾರೂ ನಿರೀಕ್ಷಿಸದ ಜಾಗದಿಂದ, ಆಫ್ರಿಕಾದ ಒಂದು ವಿಚಾರಣಾ ಕಟ್ಟೆಯಿಂದ.

ಇಂದಿನ ನೈಜೀರಿಯಾದ ಆಗ್ನೇಯ ಮೂಲೆಯಲ್ಲಿ ಕಲಬಾರ್ ಎಂಬ ಊರಿದೆ. ಅಲ್ಲಿಯ ಎಫಿಕ್ ಜನ ಹತ್ತೊಂಬತ್ತನೆಯ ಶತಮಾನದಲ್ಲಿ, ಮಾಟ ಅಥವಾ ಕೊಲೆಯ ಆರೋಪ ಹೊತ್ತವನಿಗೆ 'ಎಸೆರೆ' ಎಂಬ ಕಾಳನ್ನು ಅರೆದು ಕುಡಿಸುತ್ತಿದ್ದರು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ತಪ್ಪು ಮಾಡದವನು ಧೈರ್ಯದಿಂದ ಗಟಗಟನೆ ಕುಡಿದು ಬೇಗ ವಾಂತಿ ಮಾಡಿಕೊಳ್ಳುತ್ತಿದ್ದನೆಂದೂ, ಅಳುಕಿದವನು ಗುಟುಕು ಗುಟುಕಾಗಿ ಕುಡಿದು ವಿಷವನ್ನು ಮೈಗೂಡಿಸಿಕೊಳ್ಳುತ್ತಿದ್ದನೆಂದೂ ಕೆಲವರು ವಿವರಿಸುತ್ತಾರೆ. ಆ ಕಾಳು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ತಲುಪಿತು. 1855ರಲ್ಲಿ ಅಲ್ಲಿಯ ವಿಷಶಾಸ್ತ್ರಜ್ಞ ರಾಬರ್ಟ್ ಕ್ರಿಸ್ಟಿಸನ್ ಪರೀಕ್ಷೆಗೆಂದು ತಾನೇ ಒಂದು ಚೂರು ತಿಂದ. ತಲೆ ಸುತ್ತಿ, ಕೈಕಾಲು ಸೋತು, ಹೃದಯದ ಬಡಿತ ಕ್ಷೀಣಿಸಿದಾಗ ಕ್ಷೌರಕ್ಕಿಟ್ಟಿದ್ದ ಸೋಪಿನ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಬದುಕಿದ. ಹೀಗೆ ತನ್ನ ಮೇಲೆಯೇ ಪ್ರಯೋಗ ಮಾಡುವುದನ್ನು ವಿದ್ಯಾರ್ಥಿಗಳು ಅನುಕರಿಸಬಾರದು.

ಅವನ ಶಿಷ್ಯ ಥಾಮಸ್ ಫ್ರೇಸರ್ ಆ ಕಾಳಿನ ಸಾರ ಕಣ್ಣಿನ ಪಾಪೆಯನ್ನು ಕಿರಿದಾಗಿಸುವುದನ್ನು ಗಮನಿಸಿದ. 1863ರಲ್ಲಿ ಆರ್ಗೈಲ್ ರಾಬರ್ಟ್‌ಸನ್ ತನ್ನ ಕಣ್ಣಿಗೇ ಹನಿಸಿಕೊಂಡು ಅದನ್ನು ದೃಢಪಡಿಸಿದ. 1864ರಲ್ಲಿ ಕಾಳಿನೊಳಗಿನ ವಿಷಾಂಶ ಪ್ರತ್ಯೇಕವಾಯಿತು, ಅದೇ ಫೈಸೋಸ್ಟಿಗ್ಮಿನ್. 1876ರಲ್ಲಿ ಸ್ಟ್ರಾಸ್‌ಬರ್ಗಿನ ಕಣ್ಣಿನ ವೈದ್ಯ ಲುಡ್ವಿಗ್ ಲಾಕ್ವೆಯರ್ ಅದನ್ನು ಗ್ಲಾಕೋಮಾ ರೋಗಿಗಳಿಗೆ ಹನಿಯಾಗಿ ಹಾಕಿ ಒತ್ತಡ ಇಳಿಯುವುದನ್ನು ಕಂಡ. ಪಾಪೆ ಕಿರಿದಾಗುವಾಗ ನೀರು ಹರಿಯುವ ದಾರಿ ಎಳೆದುಕೊಂಡು ತೆರೆಯುವುದೇ ಇದರ ಗುಟ್ಟು. ಲಾಕ್ವೆಯರ್ ತಾನೇ ಗ್ಲಾಕೋಮಾ ರೋಗಿಯಾಗಿದ್ದ. ಬೇರೆಯವರ ಕಣ್ಣಿಗೆ ಹನಿ ಹಾಕುತ್ತಾ ತನ್ನ ಕಣ್ಣಿನ ಬೆಳಕನ್ನೂ ಹುಡುಕುತ್ತಿದ್ದ ಆ ವೈದ್ಯನನ್ನು ನೆನೆದಾಗ ಮನಸ್ಸು ಆರ್ದ್ರವಾಗುತ್ತದೆ.

ಆಣೆಯ ವಿಷವೇ ಕಣ್ಣಿನ ಮದ್ದಾಯಿತು. ಕಾಳು ಬದಲಾಗಲಿಲ್ಲ, ಬದಲಾದದ್ದು ಅಳತೆ, ಹಾಕುವ ಜಾಗ ಮತ್ತು ಹಾಕುವ ಕೈ. ಓದುಗರು ಈ ಮೂರನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅದೇ ಹೊತ್ತಿಗೆ ಬ್ರೆಜಿಲಿನ ಜಬೊರಾಂಡಿ ಎಲೆಯಿಂದ ಪೈಲೋಕಾರ್ಪಿನ್ ದೊರೆಯಿತು. ಅದು ಸುಮಾರು ನೂರು ವರ್ಷ ಕಣ್ಣಿನ ಆಸ್ಪತ್ರೆಗಳನ್ನು ಆಳಿತು. ದಿನಕ್ಕೆ ನಾಲ್ಕು ಬಾರಿ ಹಾಕಬೇಕು. ಹುಬ್ಬು ಸಿಡಿಯುವಂತಹ ನೋವು. ಪಾಪೆ ಸೂಜಿಯ ಕಣ್ಣಿನಷ್ಟಾಗಿ ಸಂಜೆಯ ನಡಿಗೆಯೇ ಕಷ್ಟ. ಅನೇಕರು ಮಧ್ಯದಲ್ಲೇ ಬಿಟ್ಟುಬಿಡುತ್ತಿದ್ದರು.

1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಿಮೊಲಾಲ್ ಈ ಕಷ್ಟವನ್ನು ಬಹಳಷ್ಟು ಕಡಿಮೆ ಮಾಡಿತು. ಇದು ನೀರು ಊರುವುದನ್ನೇ ತಗ್ಗಿಸುತ್ತದೆ. ಪಾಪೆಗೆ ತೊಂದರೆಯಿಲ್ಲ, ದಿನಕ್ಕೆ ಎರಡು ಹನಿ ಸಾಕು. ಆದರೆ ಕಣ್ಣಿಗೆ ಹಾಕಿದ ಹನಿ ಕಣ್ಣಿನಲ್ಲೇ ನಿಲ್ಲುವುದಿಲ್ಲವೆಂಬ ಪಾಠವನ್ನೂ ಅದು ಕಲಿಸಿತು. ಕಣ್ಣಿನ ಒಳಮೂಲೆಯ ಸಣ್ಣ ರಂಧ್ರದಿಂದ ಔಷಧ ಮೂಗಿಗೆ ಇಳಿದು ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಟಿಮೊಲಾಲ್ ಹೀಗೆ ರಕ್ತ ಸೇರಿ ಆಸ್ತಮಾ ಇದ್ದವರ ಉಸಿರು ಕಟ್ಟಿಸಿದ, ಹೃದಯದ ಬಡಿತ ನಿಧಾನವಾಗಿಸಿದ ಪ್ರಸಂಗಗಳು ವರದಿಯಾದವು. ಸಾವುಗಳೂ ಆದವು. ಇಂದಿಗೂ ಈ ಔಷಧ ಒಂಟಿಯಾಗಿಯೂ ಬೇರೆ ಹನಿಮದ್ದುಗಳ ಜೊತೆ ಬೆರೆತೂ ಬಳಕೆಯಲ್ಲಿದೆ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಕಣ್ಣಿನ ವೈದ್ಯರಿಗೆ ಅದನ್ನು ಹೇಳಲೇಬೇಕು. 'ಕಣ್ಣಿಗೂ ದಮ್ಮಿಗೂ ಏನು ಸಂಬಂಧ' ಎಂದು ಸುಮ್ಮನಿರಬಾರದು.

ಈಗ ನಮ್ಮ ದಾದಿಯ ಬಾಟಲಿಗೆ ಬರೋಣ. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ದೇಹದ ಒಂದು ವಸ್ತುವಿಗೆ ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟ. ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಆಗ ತಿಳಿಯಲಾಗಿತ್ತು. ಆದರೆ ಇಂತಹ ವಸ್ತುಗಳು ದೇಹದ ಎಲ್ಲೆಡೆ ಹುಟ್ಟುತ್ತವೆಂದು ಆಮೇಲೆ ತಿಳಿಯಿತು. ಈ ಕುರಿತ ಸಂಶೋಧನೆಗೆ 1982ರಲ್ಲಿ ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್‌ಸನ್, ವೇನ್ ಈ ಮೂವರಿಗೆ ನೊಬೆಲ್ ಬಹುಮಾನ ಬಂತು. ನೋವು, ಜ್ವರ, ಬಾವುಗಳಲ್ಲಿ ಇವುಗಳ ಪಾತ್ರವಿದೆ. ಇವು ಕಣ್ಣಿಗೆ ಕೆಡುಕೆಂದೇ ಎಲ್ಲರೂ ನಂಬಿದ್ದರು.

ಆ ನಂಬಿಕೆಯನ್ನು ಪ್ರಶ್ನಿಸಿದವನು ಲಾಸ್ಲೋ ಬಿಟೊ. ಹಂಗೇರಿಯಲ್ಲಿ ಹುಟ್ಟಿದ ಇವನ ಕುಟುಂಬವನ್ನು ಕಮ್ಯುನಿಸ್ಟ್ ಸರ್ಕಾರ ಬುಡಾಪೆಸ್ಟಿನಿಂದ ಗಡೀಪಾರು ಮಾಡಿತು. ಯುವಕನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ಬಲವಂತದ ದುಡಿಮೆ. 1956ರ ಬಂಡಾಯದ ಬಳಿಕ ಗಡಿ ದಾಟಿ ಅಮೆರಿಕ ಸೇರಿ, ಓದಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾದ. ಪ್ರಾಸ್ಟಗ್ಲಾಂಡಿನ್ ಹೆಚ್ಚು ಪ್ರಮಾಣದಲ್ಲಿ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ನಿಜ. ಆದರೆ ಅತಿ ಸ್ವಲ್ಪ ಹಾಕಿದರೆ ಇಳಿಯುತ್ತದೆಂದು ಇವನೂ ಇವನ ಸಂಗಡಿಗರೂ ಮೊಲಗಳ ಮೇಲೆ ಪ್ರಯೋಗ ಮಾಡಿ 1977ರಲ್ಲಿ ಪ್ರಕಟಿಸಿದರು. ಬಾವು ತರುವ ವಸ್ತುವನ್ನು ರೋಗಿಯ ಕಣ್ಣಿಗೆ ಹಾಕುವುದೇ ಎಂದು ಹುಬ್ಬೇರಿಸಿದವರೇ ಹೆಚ್ಚು. ಮುಂದೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಔಷಧ ತಜ್ಞರು ಅದರ ಉರಿಯನ್ನು ಕಡಿಮೆ ಮಾಡಿ ಲ್ಯಾಟನೊಪ್ರೋಸ್ಟ್ ರೂಪಿಸಿದರು. 1996ರಲ್ಲಿ ಅದು ಅಮೆರಿಕದ ಮಾರುಕಟ್ಟೆಗೆ ಬಂತು. ಕಣ್ಣಿನ ನೀರಿಗೆ ಬೇರೊಂದು ಹೊರದಾರಿಯನ್ನು ಸಲೀಸು ಮಾಡಿ ಒತ್ತಡವನ್ನು ಕಾಲುಭಾಗ ಅಥವಾ ಅದಕ್ಕಿಂತ ಹೆಚ್ಚು ಇಳಿಸುವ ಈ ಮದ್ದು ರಾತ್ರಿ ಒಂದೇ ಹನಿ ಸಾಕು. ಬಿಟೊ ನಿವೃತ್ತನಾಗಿ ಹಂಗೇರಿಗೆ ಮರಳಿ ಕಾದಂಬರಿಕಾರನೆಂದು ಹೆಸರು ಮಾಡಿ 2021ರಲ್ಲಿ ತೀರಿಕೊಂಡ.

ಹನಿ ನಿಜಕ್ಕೂ ದೃಷ್ಟಿ ಉಳಿಸುತ್ತದೆಯೇ ಎಂದು ಕೇಳುವವರಿದ್ದಾರೆ. ಹಾಕಿಕೊಂಡರೆ ನೋಟವೇನೂ ಚುರುಕಾಗುವುದಿಲ್ಲ, ಬಿಟ್ಟರೂ ಆ ದಿನ ಏನೂ ಆಗುವುದಿಲ್ಲ. ಆದ್ದರಿಂದ ಈ ಸಂದೇಹ ಸಹಜ. ಬ್ರಿಟನ್ನಿನಲ್ಲಿ 516 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾಟನೊಪ್ರೋಸ್ಟ್, ಇನ್ನೊಂದಕ್ಕೆ ಔಷಧವಿಲ್ಲದ ಹನಿ ಕೊಟ್ಟು ನೋಡಿದರು. ಎರಡು ವರ್ಷಗಳಲ್ಲಿ ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 25.6 ಮಂದಿಯ ನೋಟದ ವ್ಯಾಪ್ತಿ ಕುಗ್ಗಿತು. ಔಷಧ ಪಡೆದವರಲ್ಲಿ 15.2 ಮಂದಿಯದು. ನಮ್ಮ ಅಮ್ಮ ದಿನ ಬಿಟ್ಟು ದಿನ ಹನಿ ಉಳಿಸುತ್ತಿದ್ದಾಗ ಕಳೆದುಕೊಳ್ಳುತ್ತಿದ್ದದ್ದು ಈ ವ್ಯತ್ಯಾಸವನ್ನೇ.

ಇನ್ನು ರೆಪ್ಪೆಗೂದಲಿನ ಕಥೆ. ಲ್ಯಾಟನೊಪ್ರೋಸ್ಟ್ ಬಂದ ಮರುವರ್ಷವೇ, 1997ರಲ್ಲಿ, ಸಿಯಾಟಲ್ ನಗರದ ವೈದ್ಯ ಮುರ್ರೆ ಜಾನ್‌ಸ್ಟನ್ ಒಂದು ವಿಚಿತ್ರವನ್ನು ವರದಿ ಮಾಡಿದ. ಒಂದೇ ಕಣ್ಣಿಗೆ ಹನಿ ಹಾಕುತ್ತಿದ್ದ ರೋಗಿಗಳ ಆ ಕಣ್ಣಿನ ರೆಪ್ಪೆಗೂದಲು ಮಾತ್ರ ಉದ್ದವಾಗಿ, ದಪ್ಪವಾಗಿ, ಕಪ್ಪಾಗಿ ಬೆಳೆದಿತ್ತು. ಎರಡೂ ಕಣ್ಣಿಗೆ ಹಾಕುತ್ತಿದ್ದರೆ ಬಹುಶಃ ಯಾರೂ ಇಷ್ಟು ಬೇಗ ಗಮನಿಸುತ್ತಿರಲಿಲ್ಲ. ರೆಪ್ಪೆಗೂದಲು ಕೆಲವು ವಾರ ಬೆಳೆದು, ನಿಂತು, ಉದುರುತ್ತದೆ. ಈ ಔಷಧ ಬೆಳೆಯುವ ಅವಧಿಯನ್ನು ಹಿಗ್ಗಿಸುತ್ತದೆ. 2001ರಲ್ಲಿ ಗ್ಲಾಕೋಮಾಕ್ಕೆಂದು ಒಪ್ಪಿಗೆ ಪಡೆದ ಬೈಮ್ಯಾಟೊಪ್ರೋಸ್ಟ್‌ನಲ್ಲಿ ಈ ಗುಣ ಇನ್ನೂ ಎದ್ದು ಕಂಡಿತು.

ರೋಗಿಗಳು ಅಡ್ಡಪರಿಣಾಮವೆಂದು ಹೇಳಿಕೊಂಡದ್ದು ಸೌಂದರ್ಯ ಸಾಮಗ್ರಿಗಳ ವ್ಯಾಪಾರಿಗಳಿಗೆ ಬಂಗಾರದ ಗಣಿಯಾಗಿ ಕಂಡಿತು. 2007ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕದ ಅಧಿಕಾರಿಗಳು ರೆಪ್ಪೆಗೂದಲಿಗೆಂದು ಮಾರುತ್ತಿದ್ದ 12,000ಕ್ಕೂ ಹೆಚ್ಚು ಟ್ಯೂಬುಗಳನ್ನು ಮುಟ್ಟುಗೋಲು ಹಾಕಿಕೊಂಡರು. ಅವುಗಳಲ್ಲಿ ಬೈಮ್ಯಾಟೊಪ್ರೋಸ್ಟ್ ಬೆರೆತಿತ್ತು. ಮುಂದಿನ ವರ್ಷ, 2008ರ ಡಿಸೆಂಬರಿನಲ್ಲಿ, ಗ್ಲಾಕೋಮಾದ ಲ್ಯೂಮಿಗನ್ ಹನಿಯನ್ನು ತಯಾರಿಸುತ್ತಿದ್ದ ಸಂಸ್ಥೆಯೇ ಅದೇ 0.03 ಪ್ರತಿಶತದ ದ್ರಾವಣವನ್ನು ಲ್ಯಾಟಿಸ್ ಎಂಬ ಹೆಸರಿನಲ್ಲಿ, ರೆಪ್ಪೆಗೂದಲು ವಿರಳವಾಗಿರುವವರಿಗೆಂದು, ವಿಧಿವತ್ತಾಗಿ ಒಪ್ಪಿಗೆ ಪಡೆದು ಹೊರತಂದಿತು. ಮಾರಾಟ ಮಾತ್ರ ವೈದ್ಯರ ಚೀಟಿಯ ಮೇಲೆ. 16 ವಾರಗಳ ಪರೀಕ್ಷೆಯಲ್ಲಿ ರೆಪ್ಪೆಗೂದಲು ಸರಾಸರಿ ಕಾಲುಭಾಗದಷ್ಟು ಉದ್ದವಾಗಿತ್ತು. ಹಚ್ಚುವುದನ್ನು ನಿಲ್ಲಿಸಿದರೆ ಕೆಲವು ವಾರ, ತಿಂಗಳುಗಳಲ್ಲಿ ಮೊದಲಿನಂತೆಯೇ.

ಒಂದೇ ದ್ರಾವಣವಾದರೂ ಬಳಕೆಯ ವಿಧಾನ ಬೇರೆ ಎಂಬುದನ್ನು ಗಮನಿಸಿರಿ. ಲ್ಯಾಟಿಸ್‌ನ ಜೊತೆ ಶುದ್ಧೀಕರಿಸಿದ ಸಣ್ಣ ಬ್ರಷ್‌ಗಳು ಬರುತ್ತವೆ. ಒಂದು ಕಣ್ಣಿಗೆ ಒಂದು ಬ್ರಷ್, ಒಮ್ಮೆ ಬಳಸಿ ಎಸೆಯಬೇಕು. ರಾತ್ರಿ ಒಂದು ಬಾರಿ, ಮೇಲಿನ ರೆಪ್ಪೆಯ ಅಂಚಿಗೆ ಮಾತ್ರ; ಕಣ್ಣಿನೊಳಕ್ಕೂ ಅಲ್ಲ, ಕೆಳರೆಪ್ಪೆಗೂ ಅಲ್ಲ. ಮಿಕ್ಕಿದ್ದನ್ನು ಒರೆಸಬೇಕು, ಏಕೆಂದರೆ ಔಷಧ ಕೆನ್ನೆಗೆ ಇಳಿದರೆ ಅಲ್ಲೂ ಕೂದಲು ಹುಟ್ಟಬಹುದು. ನಮ್ಮ ಹುಡುಗಿ ಹಳೆಯ ಸಲಾಯಿಯಿಂದ ಎರಡೆರಡು ಹೊತ್ತು ಹಚ್ಚಿಕೊಂಡದ್ದರಲ್ಲಿ ಅಳತೆ, ಜಾಗ, ಕೈ ಮೂರೂ ತಪ್ಪಿದ್ದವು. ಸಲಾಯಿಯನ್ನು ಬಾಟಲಿಯ ಮೂತಿಗೆ ತಾಗಿಸಿ ದಾದಿಯ ಔಷಧವನ್ನೂ ಮಲಿನ ಮಾಡಿದ್ದಳು.

ಸರಿಯಾಗಿ ಹಚ್ಚಿದರೂ ಕೆಲವು ತೊಂದರೆಗಳು ಬರಬಹುದು. ಕಣ್ಣು ಕೆಂಪಾಗುವುದು, ತುರಿಸುವುದು ಸಾಮಾನ್ಯ. ರೆಪ್ಪೆಯ ಚರ್ಮ ಕಪ್ಪಾಗುತ್ತದೆ. ನಿಲ್ಲಿಸಿದರೆ ಬಹುತೇಕ ಸರಿಹೋಗುತ್ತದೆ. ತಿಳಿಬಣ್ಣದ ಕಣ್ಣು ಕಂದಾಗಬಹುದು, ಆ ಬದಲಾವಣೆ ಶಾಶ್ವತ. ಈ ಅಪಾಯ ಹಚ್ಚುವುದಕ್ಕಿಂತ ಹನಿಯಾಗಿ ಹಾಕುವವರಿಗೆ ಹೆಚ್ಚು. ನಮ್ಮವರ ಕಣ್ಣು ಮೊದಲೇ ಕಂದು, ಹಾಗಾಗಿ ಇದು ಹೆಚ್ಚು ಗೋಚರಿಸದು. ಆದರೆ 2004ರಿಂದ ಇನ್ನೊಂದು ಪರಿಣಾಮ ವರದಿಯಾಗುತ್ತಾ ಬಂದಿದೆ: ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ರೆಪ್ಪೆಯ ಮೇಲೆ ಕುಳಿ ಬಿದ್ದು ಕಣ್ಣು ಒಳಗೆ ಹೋದಂತೆ ಕಾಣುವುದು. ಚೆಲುವಿಗಾಗಿ ಹಚ್ಚಿದ್ದು ಮುಖಕ್ಕೆ ಹತ್ತು ವರ್ಷ ಸೇರಿಸಿದಂತೆ. ದೃಷ್ಟಿ ಉಳಿಸಿಕೊಳ್ಳಬೇಕಾದ ರೋಗಿ ಇದನ್ನು ವೈದ್ಯರ ಸಲಹೆಯಂತೆ ಸಹಿಸಬಹುದು. ಆರೋಗ್ಯವಂತ ಹುಡುಗಿ ಏಕೆ ಸಹಿಸಬೇಕು? ಗರ್ಭಿಣಿಯರು, ಮೊಲೆಯೂಡಿಸುವವರು, ಕಣ್ಣಿನ ಬಾವು ಅಥವಾ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಗ್ಲಾಕೋಮಾಕ್ಕೆ ಈ ಗುಂಪಿನ ಹನಿ ಹಾಕುವವರು ಮೇಲಿಂದ ರೆಪ್ಪೆಗೂದಲಿನ ಔಷಧವನ್ನೂ ಹಚ್ಚಿದರೆ ಒತ್ತಡ ಇಳಿಯುವುದು ಕಡಿಮೆಯಾಗಬಹುದೆಂಬ ಎಚ್ಚರಿಕೆ ಔಷಧದ ಜೊತೆಯ ಪತ್ರದಲ್ಲೇ ಇದೆ. ಚೀಟಿಯಿಲ್ಲದೆ ಸಿಗುವ 'ಸೀರಮ್'ಗಳ ಡಬ್ಬಿಯಲ್ಲಿ 'ಕ್ಲೋಪ್ರೊಸ್ಟೆನೇಟ್' ಎಂಬ ಪದ ಕಂಡರೆ ಅದೂ ಇದೇ ಬಳಗದ್ದು. 2011ರಲ್ಲಿ ಅಮೆರಿಕದ ಔಷಧ ಇಲಾಖೆ ಅಂತಹ ಒಂದು ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ಗ್ಲಾಕೋಮಾ ಹನಿ ಹಾಕಿಕೊಳ್ಳುವವರಿಗೆ, ಹಾಕಿಕೊಡುವ ಮಕ್ಕಳು ಮೊಮ್ಮಕ್ಕಳಿಗೆ ಕೆಲವು ಮಾತು. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಆ ಜೋಳಿಗೆಯಲ್ಲಿ ಒಂದೇ ಹನಿ ಬೀಳಿಸಬೇಕು. ಕಣ್ಣಿನಲ್ಲಿ ಒಂದಕ್ಕಿಂತ ಹೆಚ್ಚು ಹನಿಗೆ ಜಾಗವೇ ಇಲ್ಲ, ಎರಡನೆಯದು ಕೆನ್ನೆಗೇ ಹೋಗುತ್ತದೆ. ಬಾಟಲಿಯ ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ನಂತರ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಮೂಗಿಗೆ ಇಳಿಯುವುದು ಕಡಿಮೆ. ಎರಡು ಬಗೆಯ ಹನಿ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಹನಿ ಹಾಕಿ, 15 ನಿಮಿಷದ ನಂತರ ತೊಡಬೇಕು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ಎಷ್ಟು ದಿನದಲ್ಲಿ ಎಸೆಯಬೇಕೆಂಬುದು ಲೇಬಲ್ಲಿನಲ್ಲಿರುತ್ತದೆ, ಬಹಳಷ್ಟಕ್ಕೆ ನಾಲ್ಕು ವಾರ. ಒಂದು ದಿನ ಮರೆತರೆ ಮರುದಿನ ಎರಡು ಹನಿ ಹಾಕಬೇಡಿ. ಇನ್ನೊಂದು ಮಾತು: ಕಣ್ಣು ಕೆಂಪಾಯಿತೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಾಕುವ ಸ್ಟಿರಾಯ್ಡ್ ಹನಿ ಒತ್ತಡವನ್ನು ಏರಿಸಿ ಗ್ಲಾಕೋಮಾವನ್ನೇ ತರಬಲ್ಲದು. ಎಳೆಯ ವಯಸ್ಸಿನವರೂ ಹೀಗೆ ದೃಷ್ಟಿ ಕಳೆದುಕೊಂಡದ್ದುಂಟು.

ರಮಝಾನಿನಲ್ಲಿ ಹನಿ ಬಿಡುವವರು ನಮ್ಮಲ್ಲಿ ಬಹಳ ಮಂದಿ. ಉಪವಾಸ ಮುರಿಯುತ್ತದೆಂಬ ಅಂಜಿಕೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಕಣ್ಣಿನ ಹನಿಯಿಂದ ಉಪವಾಸ ಮುರಿಯುವುದಿಲ್ಲ, ಗಂಟಲಿಗೆ ಬಂದದ್ದನ್ನು ನುಂಗದಿದ್ದರಾಯಿತು ಎಂದು ನಿರ್ಣಯಿಸಿದೆ. ಸಂದೇಹವಿದ್ದವರು ತಮ್ಮ ಮಸೀದಿಯ ಉಸ್ತಾದರನ್ನು ಕೇಳಿಕೊಳ್ಳಿ, ಆದರೆ ಹನಿಯನ್ನು ತಾವಾಗಿಯೇ ನಿಲ್ಲಿಸಬೇಡಿ. ರಾತ್ರಿಯ ಒಂದೇ ಹನಿಯವರಿಗಂತೂ ಈ ಪ್ರಶ್ನೆಯೇ ಇಲ್ಲ. ದಿನಕ್ಕೆ ಎರಡು ಹನಿಯವರು ಸಹರಿಯ ಹೊತ್ತಿಗೆ ಒಂದು, ಇಫ್ತಾರಿನ ನಂತರ ಒಂದು ಹಾಕಬಹುದೇ ಎಂದು ವೈದ್ಯರಲ್ಲಿ ವಿಚಾರಿಸಬಹುದು. ಹಜ್, ಉಮ್ರಾಕ್ಕೆ ಹೊರಟವರು ಅಷ್ಟೂ ದಿನಕ್ಕೆ ಸಾಲುವಷ್ಟು ಬಾಟಲಿಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆ ತಡವಾಗಿ ಬಂದರೂ ಹನಿ ತಪ್ಪುವುದಿಲ್ಲ.

ನಮ್ಮ ಮದುಮಗಳ ಕಣ್ಣು ವಾರದೊಳಗೆ ತಿಳಿಯಾಯಿತು, ನಿಕಾಹ್ ಸುಸೂತ್ರವಾಗಿ ನಡೆಯಿತು. ಅಮ್ಮನ ಒತ್ತಡವೂ ಹೊಸ ಬಾಟಲಿಯಿಂದ ಮೊದಲಿನ ಮಟ್ಟಕ್ಕೆ ಇಳಿದಿದೆ. ಆದರೆ ಆ ಎರಡು ತಿಂಗಳಲ್ಲಿ ಎಡಗಣ್ಣಿನ ಪಕ್ಕದ ನೋಟ ಸ್ವಲ್ಪ ಕುಗ್ಗಿದೆಯೆಂದು ಪರೀಕ್ಷೆಯಲ್ಲಿ ಕಂಡಿದೆ. ಮೊಮ್ಮಗಳಿಗೆ ಅದನ್ನು ಹೇಳಬೇಡಿರೆಂದು ಅಮ್ಮ ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ.